ಲರ್ಬಿ ಮುಚ್ಚಿದ ಗೋಡೆ

“ಆ ಗೋಡೆಗೆ ಸುಣ್ಣ ಬಿಟ್ಟು ಬೇರೇನೂ ಬಳೀಬೇಡಪ್ಪಾ. ಸಿಮೆಂಟಂತೂ ಮುಟ್ಟಿಸ್ಲೇಬೇಡ,” ಅಂದಳು ಮುದುಕಿ ಲಾಲ್ಲಾ ಬತೂಲ್, ಮಾರಿದ ಮನೆಯ ಬೀಗದಕೈ ಕೊಡುವ ಮುನ್ನ.

ಲರ್ಬಿ ನಕ್ಕ. ತೆತುವಾನ್ ಊರಿನ ಕೋಟೆಯಾಚೆ ಸಿಮೆಂಟ್ ಅಂಗಡಿ ಇಟ್ಟವನಿಗೆ ಹೇಳುವ ಮಾತೇ ಇದು? ಕಾಸಾಬ್ಲಾಂಕಾದಿಂದ ಬಂದು ಎರಡು ವರ್ಷವಾಗಿತ್ತು. ಈ ಹಳೇ ಊರಿನವರ ಸುಣ್ಣದ ಮೋಹ ಕಂಡರೆ ಅವನಿಗೆ ಮೈಯುರಿ. ಹಿಂದಿನ ಕೋಣೆಯ ಗೋಡೆಗೆ ಹೆಬ್ಬೆರಳೊತ್ತಿದ. ಗಾರೆ ನೆನೆದ ರೊಟ್ಟಿಯಂತೆ ಕುಸಿಯಿತು. ಮೊಣಕಾಲೆತ್ತರಕ್ಕೆ ಬಿಳಿ ಉಪ್ಪು ಅರಳಿತ್ತು. ಹಸಿಮಣ್ಣಿನ ವಾಸನೆ, ಅದರಡಿಯಲ್ಲಿ ಹೆಸರು ಹೇಳಲಾಗದ ಇನ್ನೊಂದು ವಾಸನೆ. ಈ ತೇವವನ್ನೇ ತೋರಿಸಿ ತೋರಿಸಿ ಅವನು ಬೆಲೆ ಇಳಿಸಿದ್ದ.

“ಎಲ್ಲೋ ಮಣ್ಣಿನ ಕೊಳವೆ ಸೋರ್ತಿದೆ ಲಾಲ್ಲಾ. ದೆವ್ವ ಅಲ್ಲ, ಬರೀ ನೀರು.”

“ನೀರೇ. ಅಲ್ಲ ಅಂದೋರ್ಯಾರು? ನನ್ನ ಸವತಿ ಮಾಟದ ಚೀಟಿ ಬರೆಸಿ ಈ ಗೋಡೆಯೊಳಗೆ ಹುದುಗಿಸಿದ್ಲು. ಮನೆಯವರೆಲ್ಲ ಕೂತಲ್ಲೇ ಮುಳುಗಿ ಸಾಯ್ಲಿ ಅಂತ. ನನ್ನೆರಡು ಮಕ್ಕಳು ಒಣ ಹಾಸಿಗೇಲಿ ಮುಳುಗಿದ್ವು. ಚೀಟಿ ಯಾರ ಕೈಗೂ ಸಿಗ್ಲಿಲ್ಲ. ಕೊನೆಗೊಬ್ಬ ಮಂತ್ರವಾದಿ ಅದನ್ನ ಗೋಡೆಗೇ ಕಟ್ಟಿಹಾಕಿದ. ಗೋಡೆ ಅತ್ರೆ ಮನುಷ್ಯರು ಉಳೀತಾರೆ. ಅಳೋಕ್ ಬಿಡು ಅದನ್ನ.”

“ನಮ್ಮ ಸಿಮೆಂಟ್ ಅದರ ಕಣ್ಣೊರೆಸುತ್ತೆ ಬಿಡಿ,” ಅಂದ ಲರ್ಬಿ.

ಅವನ ಹೆಂಡತಿ ತಾಮು ಆರು ತಿಂಗಳ ಬಸುರಿ. ಹಿಂದೆ ಎರಡು ಸಲ ಗರ್ಭ ಹೋಗಿತ್ತು. ಹಸಿ ಗೋಡೆಯ ಮನೆಗೆ ಅವಳನ್ನು ಕರೆತರುವುದಾದರೂ ಹೇಗೆ? ತಾನೇ ತೋಳೇರಿಸಿ, ನೆಲದಿಂದ ಸೂರಿನವರೆಗೆ ಎರಡು ಬೆರಳು ದಪ್ಪ ಸಿಮೆಂಟ್ ಮೆತ್ತಿದ. ವಾರದಲ್ಲಿ ಕೋಣೆ ಒಲೆಯ ಬಾಯಂತೆ ಒಣಗಿತು.

ಆ ಓಣಿಯಲ್ಲಿ ಎರಡು ಮನೆಗೆ ಒಂದೇ ಗೋಡೆ. ಆಚೆ ಬದಿಯಲ್ಲಿ ಚಪ್ಪಲಿ ಹೊಲಿಯುವ ಮಫ್ದಲ್, ಅವನ ಹೆಂಡತಿ ಶಾಮಾ. ಮದುವಣಗಿತ್ತಿಯರ ಬಟ್ಟೆಗೆ ಕಸೂತಿ ಹಾಕುವವಳು. ಇವರು ಒಕ್ಕಲು ಬಂದ ಮೊದಲ ದಿನವೇ ಒಂದು ಬಟ್ಟಲು ಸಾರು ಹಿಡಿದು ಬಂದಳು.

“ಏನ್ ಸಿಮೆಂಟ್ ಸಾಹೇಬ್ರೇ, ಗೋಡೆಗೆ ಜುಬ್ಬ ತೊಡಿಸಿದ್ರಂತೆ. ನನ್ ಗಂಡನ ಬಾಯಿಗೂ ಒಂಚೂರು ಮೆತ್ತಿ. ಅದೂ ಸೋರುತ್ತೆ.”

ಹತ್ತು ದಿನ ಕಳೆಯಿತು. ಗೋಡೆಯಾಚೆ ಕೆಮ್ಮು ಶುರುವಾಯಿತು. ಹಸಿ ಕೆಮ್ಮು. ಕೊಡ ಮಗುಚಿದಂತೆ.

“ಡಾಕ್ಟ್ರು ಶಾಮಾ ಎದೆ ಚೊಕ್ಕವಾಗಿದೆ ಅಂತಾರೆ, ಲರ್ಬಿ ಸಾಹೇಬ್ರೇ,” ಅಂದ ಮಫ್ದಲ್, ಓಣಿಯಲ್ಲಿ ತಡೆದು. “ಮತ್ತೆ ದಿನಾ ಬೋಗುಣಿ ನೀರು ಕಾರ್ತಾಳಲ್ಲ, ಅದೆಲ್ಲಿಂದ ಬರುತ್ತೆ? ಉಪ್ಪುಪ್ಪು. ಸುಣ್ಣದ ವಾಸನೆ.”

ಲರ್ಬಿ ನೋಡಲು ಹೋದ. ಶಾಮಾಳ ಹಾಸಿಗೆಯ ಹಿಂದಿನ ಗೋಡೆ ಸೂರಿನವರೆಗೆ ಕಪ್ಪಾಗಿ ನೆನೆದಿತ್ತು. ಅಂಗೈ ಇಟ್ಟ. ಬೆಚ್ಚಗಿತ್ತು. ಅಂಗೈಯಡಿ ಗೋಡೆ ಮೆಲ್ಲಗೆ ಉಬ್ಬಿತು, ಇಳಿಯಿತು.

ಮನೆಗೆ ಬಂದು ಸುತ್ತಿಗೆ ಎತ್ತಿಕೊಂಡ. ಕೋಣೆಯಲ್ಲಿ ತಾಮು ಕೂಸಿನ ಬಟ್ಟೆ ಮಡಿಸುತ್ತಿದ್ದಳು.

“ಯಾಕ್ರೀ ಸುತ್ತಿಗೆ?”

“ಮೊಳೆ ಹೊಡೀಬೇಕಿತ್ತು.”

ಸುತ್ತಿಗೆ ಕೆಳಗಿಟ್ಟ. ಒಡೆದರೆ, ಸಿಮೆಂಟು ಆಚೆ ತಳ್ಳಿದ ಆ ಮಾಟ ಈಚೆ ಬರುತ್ತದೆ. ಕೂಡಲೇ ಗೋಡೆಗೆ ಹರಿಯುತ್ತದೋ, ಮೊದಲು ಮನುಷ್ಯರಿಗೋ, ಹೇಳುವವರಾರು? ತಾಮುವನ್ನು ತವರಿಗೆ ಕಳಿಸೋಣವೆಂದರೆ ಬಸ್ಸು ಹತ್ತಿಸಬೇಡಿ ಅಂದಿದ್ದಳು ಡಾಕ್ಟರಮ್ಮ. ಮಫ್ದಲ್‌ಗೆ ಹೇಳಿದರೆ ಅವನೇ ಬಂದು ಗೋಡೆ ಕೆಡವುತ್ತಾನೆ. ಹೆರಿಗೆಯೊಂದು ಆಗಿಬಿಡಲಿ. ಶಾಮಾ ಗಟ್ಟಿ ಹೆಂಗಸು, ತಡೆದಾಳು. ಹೀಗೆ ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡಷ್ಟೂ ಸಲ ಬಾಯಿ ಕಹಿಯಾಯಿತು.

ಕೋಳಿಸಾರು ಕಳಿಸಿದ. ಕಿತ್ತಳೆಹೂವಿನ ನೀರು ಕಳಿಸಿದ. “ಇಂಥ ನೆರೆ ಯಾರಿಗುಂಟು,” ಅಂದಳಂತೆ ಶಾಮಾ. ಅಂದು ಅವನಿಗೆ ಅನ್ನ ಸೇರಲಿಲ್ಲ. ಕೆಮ್ಮು ಕೇಳದಿರಲೆಂದು ರೇಡಿಯೋ ಹಾಕಿದ. ರೇಡಿಯೋದೊಳಗಿಂದಲೂ ಕೆಮ್ಮು ಕೇಳಿಸಿತು.

ಶುಕ್ರವಾರ. ಮಧ್ಯಾಹ್ನದ ನಮಾಜು ಮುಗಿಸಿ ಬಂದ. ಒಲೆಯ ಮೇಲೆ ರವೆಯ ಕುಸ್ಕುಸ್ ಹಬೆಯಾಡುತ್ತಿತ್ತು. ತಾಮು ಇರಲಿಲ್ಲ. ಕೂಗಿದ.

ಗೋಡೆಯಾಚೆ ಶಾಮಾ ಕೆಮ್ಮಿದಳು.

ಅದರ ಹಿಂದೆಯೇ ಇನ್ನೊಂದು ಕೆಮ್ಮು. ಸಣ್ಣದು. ಆ ದನಿ ಅವನಿಗೆ ಗೊತ್ತಿತ್ತು.

ಸಾರು ಹೊತ್ತು ಹೋಗುತ್ತಿದ್ದವಳು ತಾಮುವೇ. ಕಳಿಸುತ್ತಿದ್ದವನು ಅವನೇ. ಅವನು ಅಂಗಡಿಯಲ್ಲಿದ್ದಾಗೆಲ್ಲ ಅವಳು ಆ ಹಾಸಿಗೆಯ ಪಕ್ಕ, ಆ ಗೋಡೆಗೇ ಬೆನ್ನು ಕೊಟ್ಟು ಕೂತಿರುತ್ತಿದ್ದಳು.

ಸುತ್ತಿಗೆ ಬೀಸಿದ. ಸಿಮೆಂಟ್ ಕಿಡಿ ಕಾರಿತು. ಒಡೆಯಲಿಲ್ಲ. ಅಂಗಡಿಯ ಅತ್ಯುತ್ತಮ ಸಿಮೆಂಟು. ಮತ್ತೆ ಬೀಸಿದ. ಕೈ ಸುಲಿಯಿತು. ಆಚೆ ಎರಡರಲ್ಲಿ ಒಂದೇ ಕೆಮ್ಮು ಉಳಿಯಿತು. ಬೀಸಿದ. ಕೆಮ್ಮು ನಿಂತೇಹೋಯಿತು. ಬೀಸಿದ. ಬೀಸಿದ. ಬಿರುಕು. ಬೆಚ್ಚನೆ ಉಪ್ಪುನೀರು ಮುಖಕ್ಕೆ ರಾಚಿತು. ಇಟ್ಟಿಗೆ ಉರುಳಿತು.

ಆಚೆ ಶಾಮಾ ಉಸಿರೆಳೆದುಕೊಂಡಳು, ಬಾವಿಯಿಂದ ಮೇಲೆದ್ದವಳಂತೆ.

ತಾಮು ನೆಲದ ಮೇಲೆ ಮಂಡಿಯೂರಿದ್ದಳು. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಉಸಿರಿತ್ತು. ಎರಡೂ ಕೈ ಹೊಟ್ಟೆಯ ಮೇಲೆ ಒತ್ತಿ ಹಿಡಿದು, ಬಹಳ ಹೊತ್ತು ಏನನ್ನೋ ಕಾದಳು. ಒಳಗಿನ ಕೂಸು ಆಡಲಿಲ್ಲ. ಆಮೇಲೆ ಬಿರಿದ ಗೋಡೆಯ ಕಿಂಡಿಯಲ್ಲಿ ಅವನ ಮುಖ ನೋಡಿದಳು.

“ನಿಂಗೆ ಗೊತ್ತಿತ್ತು,” ಅಂದಳು.

ಅವಳ ಹಿಂದೆ ಬಾಗಿಲಲ್ಲಿ ಮಫ್ದಲ್ ಬಂದು ನಿಂತಿದ್ದ.

“ಎಷ್ಟು ದಿನದಿಂದ?” ಅಂದ ಮಫ್ದಲ್.

“ಹನ್ನೊಂದು,” ಅಂದ ಲರ್ಬಿ.