ತಮ್ಮ ಬಿಟ್ಟುಹೋದ ಪ್ರೋಗ್ರಾಮ್

ಬಾಗಿಲು ತೆರೆದವಳ ಕೈ ಚಿಲಕದ ಮೇಲೆಯೇ ನಿಂತುಬಿಟ್ಟಿತು.

ಮೂರು ವರ್ಷ... ಈ ಮುಖವನ್ನು ಇನ್ನೆಂದೂ ನೋಡಬಾರದು ಅಂದುಕೊಂಡಿದ್ದಳು.

"ಡೌನ್‌ಲೋಡ್ ಆಗ್ತಿಲ್ಲ ಅಂತ ನಮ್ಮ ನೆಟ್ ಆಫೀಸಿಗೆ ಫೋನ್ ಮಾಡಿದ್ರಂತೆ," ಅಂದ ಅವನು. "ನಿಮ್ಮ ಮನೆ ಅಂತ ಗೊತ್ತಾಗಿ ನಾನೇ ಬಂದೆ. ಬೇಡ ಅಂದ್ರೆ ಡಿಸ್ಕ್ ಕೊಟ್ಟು ಹೋಗ್ತೀನಿ."

ಡಿಸ್ಕ್ ಇಟ್ಟುಕೊಂಡು ಅವಳೇನು ಮಾಡಬೇಕು? ಕನ್ನಡಕದ ಅಂಗಡಿಯಲ್ಲಿ ಗಾಜು ತೀಡಿ ಫ್ರೇಮಿಗೆ ಕೂರಿಸುವುದು ಅವಳ ಕೆಲಸ. ಕಂಪ್ಯೂಟರ್ ಏನಿದ್ದರೂ ತಮ್ಮನ ಲೋಕವಾಗಿತ್ತು.

ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಗಂಟಲಿನ ಆಪರೇಷನ್ ಆಗಿ ಅಮ್ಮನ ದನಿ ಹೋದ ಮೇಲೆ, ತಮ್ಮ ಆಕೆಗಾಗಿ ಒಂದು ಪ್ರೋಗ್ರಾಮ್ ಬರೆದಿದ್ದ. ಅಮ್ಮ ಟೈಪ್ ಮಾಡಿದ್ದನ್ನು ಕಂಪ್ಯೂಟರ್ ಗಟ್ಟಿಯಾಗಿ ಹೇಳಬೇಕು. ಅದನ್ನು ಓಡಿಸಲು ಬೇಕಾದ ಟೂಲ್‌ಗಳು ಇಪ್ಪತ್ತೆಂಟು ಜಿಬಿ. ಮನೆಯ ನೆಟ್ ಅಷ್ಟನ್ನು ಎಳೆಯುವ ಹಾಗಿರಲಿಲ್ಲ. ತಮ್ಮನ ಗೆಳೆಯ, ಅಂದರೆ ಇವನೇ, ಆಫೀಸಿನಲ್ಲಿ ಇಳಿಸಿ ಡಿಸ್ಕಿಗೆ ತುಂಬಿಟ್ಟಿದ್ದ. ಅದನ್ನು ತರಲು ಬೈಕಿನಲ್ಲಿ ಹೋದ ತಮ್ಮ ವಾಪಸ್ ಬರಲಿಲ್ಲ.

ತಮ್ಮನ ಫೋನಿಗೆ ಬಂದ ಕೊನೆಯ ಕರೆ ಇವನದು.

"ನೀನು ಕರೆದಿದ್ದಕ್ಕೇ ಅವನು ಹೋದ," ಎಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಅವಳು ಕೂಗಿದ್ದಳು. ಯಾರನ್ನು ಮದುವೆಯಾಗಬೇಕೆಂದು ವರ್ಷವಿಡೀ ಕನಸು ಕಂಡಿದ್ದಳೋ ಅವನ ಮುಖಕ್ಕೆ ಹೊಡೆದ ಹಾಗೆ. ಅವನು ತಲೆತಗ್ಗಿಸಿ ನಿಂತಿದ್ದ, ಅಷ್ಟೇ.

ತಪ್ಪಿಲ್ಲದವನು ಬಾಯಿ ಬಿಡಬೇಕಿತ್ತಲ್ಲ...

ಅಂದಿನಿಂದ ಈ ಮನೆಯಲ್ಲಿ ತಮ್ಮ ಇರಲೂ ಇಲ್ಲ, ಹೋಗಿಯೂ ಇರಲಿಲ್ಲ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದರೆ ಅಮ್ಮ ಒಲೆ ಆರಿಸಿ ಬಂದು ಇಣುಕುತ್ತಿದ್ದಳು. ಇವಳು ಊಟಕ್ಕೆ ಮರೆತು ಮೂರು ತಟ್ಟೆ ಇಟ್ಟು, ಒಂದನ್ನು ಅಮ್ಮನ ಕಣ್ಣಿಗೆ ಬೀಳದಂತೆ ತೆಗೆಯುತ್ತಿದ್ದಳು. ಖಾಲಿ ಕೋಣೆಯ ಕುರ್ಚಿ ಕಿರ್ರೆಂದರೆ ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಿರಲಿಲ್ಲ.

ಕಳೆದ ತಿಂಗಳು ಅಮ್ಮ ಸ್ಲೇಟಿನಲ್ಲಿ ಬರೆದಳು: 'ಅವನು ಮಾಡಿದ್ದನ್ನ ಒಂದು ಸಲ ಕೇಳಬೇಕು.'

ತಮ್ಮ ಬರೆದಿಟ್ಟಿದ್ದ ಲಿಂಕ್ ಹಿಡಿದು ಇವಳೇ ಆ ಟೂಲ್‌ಗಳನ್ನು ಡೌನ್‌ಲೋಡ್‌ಗೆ ಹಾಕಿದಳು. ಹನ್ನೊಂದು ದಿನ ಬೇಕು ಅಂತ ತೋರಿಸಿತು. ನಾಲ್ಕನೆಯ ದಿನ ನೆಟ್ ಕಡಿದು ಮತ್ತೆ ಸೊನ್ನೆಯಿಂದ. ಇನ್ನೊಂದು ಸಲವೂ ಹಾಗೇ. ಕೊನೆಗೆ ನೆಟ್ ಆಫೀಸಿಗೆ ಫೋನ್ ಮಾಡಿದ್ದಳು.

"ನೀವು ಇಳಿಸಿದ್ದು ಬರೀ ಚಿಕ್ಕ ಫೈಲು," ಅವನು ಈಗ ತಮ್ಮನ ಕೋಣೆಯ ಕಂಪ್ಯೂಟರಿಗೆ ಡಿಸ್ಕ್ ಚುಚ್ಚುತ್ತಾ ಹೇಳಿದ. "ಅದು ಮಿಕ್ಕಿದ್ದನ್ನೆಲ್ಲ ನೆಟ್ಟಿಂದಲೇ ತರಿಸುತ್ತೆ. ಇದರಲ್ಲಿ ಎಲ್ಲಾ ಇದೆ. ನೆಟ್ ವೈರು ಕಿತ್ತುಬಿಡಿ, ಇಲ್ಲಾಂದ್ರೆ ಮತ್ತೆ ಹೊರಗಡೆ ಹುಡುಕೋಕೆ ಹೋಗುತ್ತೆ."

ಅವಳು ವೈರು ಕಿತ್ತಳು. ಅವನು ತಮ್ಮನ ಕುರ್ಚಿಯಲ್ಲಿ ಕೂರಲಿಲ್ಲ, ನಿಂತೇ ಕೆಲಸ ಮಾಡಿದ. ಹಸಿರು ಗೆರೆ ತುದಿಯವರೆಗೆ ಬಂದು ನಿಂತಿತು.

"ಒಂದು ಭಾಗ ಬಿಟ್ಟುಹೋಗಿದೆ. ಅದಿಲ್ಲದೆ ದನಿ ಬರಲ್ಲ. ಇನ್ನೂರು ಎಂಬಿ."

"ಎಷ್ಟು ಹೊತ್ತು?"

"ನಿಮ್ಮ ನೆಟ್ಟಲ್ಲಿ... ಎರಡು ಗಂಟೆ."

ವೈರನ್ನು ಮತ್ತೆ ಸಿಕ್ಕಿಸಿದರು. ಕಿಟಕಿಯ ಬಿಸಿಲು ಮೇಜಿನಿಂದ ನೆಲಕ್ಕೆ ಇಳಿಯಿತು. ಅರ್ಧ ದಾಟಿದಾಗ ಅವಳಿಗೆ ತಡೆಯಲಾಗಲಿಲ್ಲ.

"ಅವತ್ತು ಅವನನ್ನ ಯಾಕೆ ಕರೆದ್ರಿ? ನೀವೇ ತಂದುಕೊಡೋಕೆ ಆಗ್ತಿರಲಿಲ್ವಾ?"

ಅವನ ಕಣ್ಣು ಬಾಗಿಲಲ್ಲಿ ನಿಂತಿದ್ದ ಅಮ್ಮನ ಕಡೆ ಹೋಗಿ ತಟ್ಟನೆ ಕೆಳಗಿಳಿಯಿತು.

"ಈಗ ಅದೆಲ್ಲ ಬೇಡ, ಬಿಡಿ."

"ಈಗಲೂ ಬಾಯಿ ಬಿಡಲ್ಲ ಅಲ್ವಾ," ಅಂದಳು ಅವಳು.

ಕೊನೆಗೂ ಕೆಲಸ ಮುಗಿಯಿತು. ಪರದೆಯ ಮೇಲೆ ಬಿಳಿಯ ಚೌಕ ತೆರೆಯಿತು. ಅಮ್ಮ ಬಂದು ಕುರ್ಚಿಯಲ್ಲಿ ಕೂತು, ಹೆದರುತ್ತಾ ಒಂದು ಕೀಲಿ ಒತ್ತಿದಳು.

"ಅ."

ತಮ್ಮನ ದನಿ!

ಅವಳು ಗೋಡೆ ಹಿಡಿದುಕೊಂಡಳು. ಹಿಂದೆಯೇ ನಿಂತು ಹೇಳಿದ ಹಾಗಿತ್ತು.

"ಮೆಷಿನ್ ದನಿ ಅಮ್ಮನಿಗೆ ಬೇಡ ಅಂತ, ಒಂದೊಂದೇ ಅಕ್ಷರ ತಾನೇ ಓದಿ ರೆಕಾರ್ಡ್ ಮಾಡಿದ್ದ," ಅವನು ಮೆಲ್ಲಗೆ ಹೇಳಿದ.

ಅಮ್ಮ ಬಹಳ ಹೊತ್ತು ಟೈಪ್ ಮಾಡಿದಳು. ಆಮೇಲೆ ಸತ್ತ ಮಗ ಅಕ್ಷರ ಅಕ್ಷರ ಕೂಡಿಸಿಕೊಂಡು ಮಾತಾಡತೊಡಗಿದ.

"ಅವತ್ತು... ಅವನನ್ನ ಕಳಿಸಿದ್ದು... ನಾನು. ಈ ಹುಡುಗ... ಭಾನುವಾರ ತರ್ತೀನಿ ಅಂದಿದ್ದ. ಈಗಲೇ ಹೋಗು ಅಂತ... ಸ್ಲೇಟಲ್ಲಿ ಬರೆದೆ. ಆಮೇಲೆ... ಒರೆಸಿಬಿಟ್ಟೆ."

ಅವಳು ಪರದೆಯಿಂದ ಅವನ ಕಡೆಗೆ ತಿರುಗಿದಳು.

"ನಿಂಗೆ ಇದು ಗೊತ್ತಿತ್ತಾ?" ಅವಳು ಅವನನ್ನು ಕೇಳಿದಳು.

"ಅಮ್ಮ ಹೋಗು ಅಂದ್ರು, ಹೊರಟೆ ಅಂತ ಅವನೇ ಫೋನ್ ಮಾಡಿ ಹೇಳಿದ್ದ. ಬರಬೇಡ ಅನ್ನೋಕೆ ನಾನು ತಿರುಗಿ ಕರೆ ಮಾಡಿದೆ. ಎತ್ತಲಿಲ್ಲ."

"ನಂಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಅಮ್ಮನ ಮುಖ ನೋಡ್ತಿದ್ಯಾ? ನಿಮ್ಮಿಬ್ಬರಿಗೂ ಇರೋದು ಒಂದೇ ಮನೆ. ನನ್ನ ಮುಖ ನೋಡದೇ ಇದ್ರೆ... ಹೇಗೋ ನಡೆಯುತ್ತೆ ಅಂದ್ಕೊಂಡೆ."

ಕೀಲಿಗಳ ಸದ್ದು ಮತ್ತೆ ಕೇಳಿತು.

"ನಿನ್ನ ಮದುವೆ ಮಾತನ್ನ... ಇವನ ಹತ್ರ... ಬಾಯಿ ಬಿಟ್ಟು ಆಡಬೇಕು... ಅಂತ ಆಸೆ. ಅದಕ್ಕೇ ಅವಸರ ಮಾಡಿದೆ. ತಪ್ಪಾಯ್ತು... ತಪ್ಪಾಯ್ತು... ತಪ್ಪಾ..."

ಅವಳಿಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ, ಎದೆಯವರೆಗೆ. ಆದರೆ ಅದೇ ಅಕ್ಷರಗಳನ್ನು ಮತ್ತೆ ಮತ್ತೆ ಒತ್ತುತ್ತಿದ್ದ ಆ ಬೆರಳುಗಳನ್ನು ನೋಡಲಾಗಲಿಲ್ಲ. ಹತ್ತಿರ ಹೋಗಿ ಅಮ್ಮನ ಎರಡೂ ಕೈ ಹಿಡಿದುಕೊಂಡಳು.

"ಸಾಕಮ್ಮ... ಅವನಿಗೆ ಸುಸ್ತಾಗುತ್ತೆ."

ಅಮ್ಮ ಅವಳ ಹೊಟ್ಟೆಗೆ ಮುಖವಿಟ್ಟು ಸದ್ದೇ ಇಲ್ಲದೆ ಅತ್ತಳು.

ಅತ್ತು ಹಗುರಾಗಿ ಅಮ್ಮ ಮುಖ ತೊಳೆಯಲು ಹೋದ ಮೇಲೆ, ಅವನು ಡಿಸ್ಕ್ ಚೀಲಕ್ಕೆ ಹಾಕಿಕೊಂಡ. ಅವಳು ಚೀಲದ ಪಟ್ಟಿ ಹಿಡಿದಳು.

"ಆಡಬಾರದ್ದು ಆಡಿದೆ ಅವತ್ತು. ಮೂರು ವರ್ಷ ನಿನ್ನ ಶಪಿಸಿದೀನಿ."

"ಗೊತ್ತು."

"ಶಪಿಸುವಾಗಲೂ ನಿನ್ನನ್ನೇ ನೆನೆಸ್ಕೊಂಡಿದ್ದು..." ಪಟ್ಟಿ ಬಿಡದೆ ಅಂದಳು. "ಇನ್ಮೇಲೆ ಈ ಮನೇಲಿ ದಿನಾ ಅವನ ದನಿ ಕೇಳಿಸುತ್ತೆ. ನಿಂಗೆ ಭಯ ಆಗಲ್ವಾ?"

"ನಂಗೆ ಅವತ್ತಿನಿಂದ ಅದೊಂದೇ ಕೇಳಿಸ್ತಿರೋದು," ಅಂದ ಅವನು. "ಒಬ್ಬನೇ ಕೇಳೋದು ಕಷ್ಟ."

ಅವಳು ಚೀಲವನ್ನು ಅವನ ಹೆಗಲಿನಿಂದ ಇಳಿಸಿದಳು.

"ಹಾಗಾದ್ರೆ ಇಲ್ಲೇ ಕೂತು ಕೇಳು. ನನ್ನ ಜೊತೆ."