ದೊರೆಯ ಕೆನ್ನೆಯ ಗಾಯ

ಅಚ್ಯುತ ತೀರಿಹೋದನೆಂಬ ಸುದ್ದಿ ಸನ್ನಿವೇಲಿನ ಅಪಾರ್ಟ್‌ಮೆಂಟಿಗೆ ಬಂದದ್ದು ಸೋಮವಾರ ಹಗಲು ಹನ್ನೊಂದಕ್ಕೆ. ಅವನ ಅತ್ತೆ ಕಾಶವ್ವ ದೇವರ ಮುಂದೆ ಕುಳಿತಿದ್ದರು. ಎಣ್ಣೆ ತೀರಿ ಬತ್ತಿ ಸೀದ ವಾಸನೆ ಮನೆ ತುಂಬಿತು. ಅವರು ಏಳಲಿಲ್ಲ.

ಅವನು ಬೆಂಗಳೂರಿನಿಂದ ಹೆಂಡತಿ, ಮಗಳು, ಅತ್ತೆಯೊಡನೆ ಕಡಲಾಚೆಯ ಈ ಊರಿಗೆ ಬಂದು ಎರಡು ತಿಂಗಳೂ ಆಗಿರಲಿಲ್ಲ. ಕಾಶವ್ವ ದೇವರ ಜಗಲಿಯಲ್ಲಿ, ವಿಭೂತಿ ಗಟ್ಟಿಯ ಕೆಳಗೆ, ರೋಮನ್ ಬೆಳ್ಳಿ ನಾಣ್ಯವೊಂದನ್ನು ಕಪ್ಪು ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಅಜ್ಜನ ಕಾಲಕ್ಕೆ ತವರಿನ ಹೊಲದಲ್ಲಿ ನೇಗಿಲಿಗೆ ಸಿಕ್ಕಿದ್ದು. ಒಂದು ಮಗ್ಗುಲಲ್ಲಿ ಎಲೆಯ ಮಾಲೆ ಮುಡಿದ ದೊರೆ. ಅವನ ಕೆನ್ನೆಗೆ ಅಡ್ಡವಾಗಿ ಉಳಿಯ ಆಳವಾದ ಕಚ್ಚು. ಇನ್ನೊಂದರಲ್ಲಿ ಈಟಿ ಹಿಡಿದು ಪೀಠದ ಮೇಲೆ ಕುಳಿತ ಹೆಣ್ಣು. ಕಚ್ಚನ್ನು ತುಂಬಿಸಿ, ಮಗಳು ನಿಸರ್ಗಾಳ ಐದನೆಯ ಹುಟ್ಟುಹಬ್ಬಕ್ಕೆ ಪದಕ ಮಾಡಿಸುತ್ತೇನೆಂದು ಅಚ್ಯುತ ಹಟ ಹಿಡಿದ.

“ಆ ಗಾಯ ಹಿರ್ಯಾರು ಬೇಕಂತ ಹಾಕ್ಯಾರ. ಮುಚ್ಚಿದ್ರ ಅದು ಬ್ಯಾರೆ ಮುಖ ಹುಡುಕ್ತದ,” ಎಂದರು ಕಾಶವ್ವ. “ತಿರುಗಿ ಅಲ್ಲೇ ಕಡದ್ರ ಬಿಟ್ಟು ಹೋಗ್ತದ, ಆದ್ರ ಕಡದಾಂವ ಉಳಿಯಂಗಿಲ್ಲ.”

“ಬೆಳ್ಳಿ ಅಸಲಿಯಾ ಅಂತ ನೋಡೋಕೆ ಯಾವನೋ ವ್ಯಾಪಾರಿ ಹೊಡೆದಿರೋದು, ಅತ್ತೆ. ಗಾಯ ಅಂತೀರಲ್ಲ, ಬ್ಯಾಂಡೇಜು ಹಾಕಿಸಲಾ?” ಎಂದು ಅಚ್ಯುತ ನಕ್ಕ.

ಹತ್ತಿರದ ಊರು ಹೇವರ್ಡಿನ ಅಕ್ಕಸಾಲಿ ಜಯರಾಮ್ ಕಚ್ಚು ತುಂಬಿಕೊಟ್ಟ. ಭಾನುವಾರ ಪದಕ ಮಗುವಿನ ಕೊರಳೇರಿತು.

ಸೋಮವಾರ ಬೆಳಗ್ಗೆ ಮನೆಯಲ್ಲೆಲ್ಲ ಅಗೆದ ಹಸಿ ಮಣ್ಣಿನ ವಾಸನೆ. ಮಗು ಪದಕ ತಿರುಗಿಸಿ ತೋರಿಸಿತು. “ಅಪ್ಪಾ, ಶೀ ಗಾಟ್ ಅಪ್.”

ಪೀಠ ಬರಿದಾಗಿತ್ತು. ಈಟಿಯ ಹೆಣ್ಣು ಪಕ್ಕದಲ್ಲಿ ಎದ್ದು ನಿಂತಿದ್ದಳು. ಅಚ್ಯುತ ತಲೆಯೆತ್ತಿದ. ಮಗುವಿನ ಕೆನ್ನೆಯ ಮೇಲೆ ಅಡ್ಡವಾಗಿ ಒಂದು ಕೆಂಪು ಗೆರೆ. ನೋಡುತ್ತಿದ್ದಂತೆಯೇ ಅದು ಬಾಯಿಬಿಟ್ಟಿತು.

ಹೆಂಡತಿ ನಿವೇದಿತಾ ಮಗುವನ್ನು ಆಸ್ಪತ್ರೆಗೆ ಒಯ್ದಳು. ಅಚ್ಯುತ ಪದಕ ಕಿತ್ತುಕೊಂಡು ಹೇವರ್ಡಿಗೆ ಹೊರಟ. ಫ್ರೀವೇಯಲ್ಲಿ ಅವಳ ಫೋನು ಬಂತು.

“ಹೊಲಿಗೆ ನಿಲ್ತಿಲ್ಲ ರೀ. ಹಾಕಿದಷ್ಟೂ ಬಿಚ್ಚಿಕೊಳ್ತಿದೆ.”

ಅಂಗಡಿ ತಲುಪಿದ. ಉಳಿ ಕೇಳಿದ. ತಾನೇ ಕಡಿದುಕೊಡುತ್ತೇನೆಂದು ಜಯರಾಮ್ ಕೈಚಾಚಿದ.

“ಬೇಡ. ನೀವು ಮುಟ್ಟಬೇಡಿ.”

ದೊರೆಯ ಕೆನ್ನೆಯ ಮೇಲೆ ಉಳಿ ಇಟ್ಟ. ಮಣ್ಣಿನ ವಾಸನೆ ಕತ್ತಿನ ಹಿಂದೆಯೇ ಇತ್ತು. ಉಸಿರು. ಯಾರದೋ ತಣ್ಣನೆಯ ಉಸಿರು. ತಿರುಗಲಿಲ್ಲ. ಸುತ್ತಿಗೆ ಎತ್ತಿದ. ಹೊಡೆದ.

ಆಸ್ಪತ್ರೆಯಲ್ಲಿ ಮಗುವಿನ ರಕ್ತ ನಿಂತಿತು. ಹೇವರ್ಡಿನಲ್ಲಿ ಅಚ್ಯುತ ಕೆನ್ನೆ ಹಿಡಿದು ಕುಸಿದ.

ನಾಣ್ಯ ಮತ್ತೆ ಕಪ್ಪು ಬಟ್ಟೆ ಸೇರಿತು. ಸುತ್ತುವ ಮುನ್ನ ಕಾಶವ್ವ ತಿರುಗಿಸಿ ನೋಡಿದರು. ಹೆಣ್ಣು ಪೀಠದ ಮೇಲೆ ಕುಳಿತಿದ್ದಳು. ಅವರು ಹೊಸ ಬತ್ತಿ ಹಚ್ಚಿ ಕೈಮುಗಿದರು.

“ಶಿವನೇ, ನಿನ್ನ ಹರಿಯ ಹೆಸರು ಹೊತ್ತಾಂವ ಅಂವ. ನಕ್ಕಿದ್ದು ಮರತುಬಿಡು. ಕೂಸಿಗಾಗಿ ಪ್ರಾಣ ಕೊಟ್ಟಿದ್ದು ನೆನಪಿಡು. ಆ ಜೀವಕ್ಕ ಶಾಂತಿ ಕೊಡಪ್ಪಾ.”