ಗೋಡೆಯ ಮೇಲಿನ ಅವ್ವ

"ನವಿಲಿನ ಕಾಲು ತಪ್ಪ್ಯಾವ್ರಿ."

ಮಾಣಿಕನಗರದಲ್ಲಿ ಆಟೋವೊಂದರ ಬೆನ್ನಿಗೆ ಚಿತ್ರ ಬರೆಯುತ್ತಿದ್ದ ಸಮ್ಯಕ ತಿರುಗಿ ನೋಡಿದ. ಹೇಳಿದವಳು ಕೊಡಂಬಲದ ರತ್ನಮಾಲಾ. ಹೊಲಗೆಲಸದ ಕೂಲಿಯವಳು, ಸಂತೆ ಮುಗಿಸಿ ಆಟೋ ಹುಡುಕುತ್ತ ಬಂದಿದ್ದಳು.

ಅವನ ಕಣ್ಣಲ್ಲಿ ಸಿಟ್ಟು ಮಿಂಚಿತು. ಕುಂಚ ಮುಂದೆ ಚಾಚಿದ.

"ಹಂಗಾದ್ರ ನೀವೇ ಬಿಡಸ್ರಿ."

ನೆಲಕ್ಕೆ ಕಡ್ಡಿ, ಗೋಡೆಗೆ ಇದ್ದಿಲು... ಅಷ್ಟೇ ಗೊತ್ತಿದ್ದವಳು ಅವಳು. ಬಣ್ಣ ಮುಟ್ಟಿದ್ದು ಅದೇ ಮೊದಲು. ಕುಂಚ ಎರಡು ಸಲ ಓಡಿತು, ನವಿಲು ಗಟ್ಟಿಯಾಗಿ ಕಾಲೂರಿತು.

ಸಮ್ಯಕ ಬೆರಗಾದ. "ಯಾರ ಕಡಿಂದ ಕಲ್ತೀರಿ?"

"ಯಾರೂ ಕಲಿಸಿಲ್ರಿ. ಕಣ್ಣಿಗೆ ಕಂಡಿದ್ದು ಕೈಗೆ ಬರ್ತದ."

"ಐತವಾರ ಬರ್ರಿ. ಕೆಲಸ ಭಾಳ ಅದ."

ಅಂದಿನಿಂದ ಭಾನುವಾರ ಬಂತೆಂದರೆ ಅವಳ ಎದೆ ಕುಣಿಯುತ್ತಿತ್ತು. ಬಣ್ಣಕ್ಕೋ... ಅವನಿಗೋ?

ಒಮ್ಮೆ ಬಸವಕಲ್ಯಾಣದ ಹೊಸ ಖಾನಾವಳಿಯ ಮಾಲಕ ಓಂಪ್ರಕಾಶ ತನ್ನ ದೊಡ್ಡ ಗೋಡೆಯನ್ನು ಸಮ್ಯಕನಿಗೆ ಒಪ್ಪಿಸಿದ. ಸಮ್ಯಕ ಅದನ್ನು ಅವಳಿಗೇ ಬಿಟ್ಟ. ಅವಳು ತೊಗರಿ ಹೊಲ ಬಿಡಿಸಿದಳು, ನಡುವೆ ಬುತ್ತಿ ಬಿಚ್ಚುತ್ತಿರುವ ತನ್ನ ಅವ್ವ ಸುಂದರಬಾಯಿಯನ್ನು. ನಾಲ್ಕು ದಿನ ಹಸಿವೂ ನೆನಪಾಗಲಿಲ್ಲ. 'ನನ್ನೊಳಗ ಇಷ್ಟೆಲ್ಲ ಇತ್ತಾ?'

ಖಾನಾವಳಿ ತೆರೆಯುವ ದಿನ ಓಡಿ ಬಂದು ನೋಡಿದರೆ... ಚಿತ್ರದ ಕೆಳಗೆ 'ಸಮ್ಯಕ ಆರ್ಟ್ಸ್'. ಜನ ಅವನ ಕೈ ಕುಲುಕುತ್ತಿದ್ದರು. ಅವನು ಸುಮ್ಮನೆ ನಗುತ್ತಿದ್ದ.

ಬಂದ ಹೆಜ್ಜೆಯಲ್ಲೇ ತಿರುಗಿ ಬಸ್ಸು ಹತ್ತಿದಳು.

ಎರಡು ಭಾನುವಾರ ಹೋಗಲಿಲ್ಲ. ಆದರೆ ಕೈ ಕೇಳಬೇಕಲ್ಲ! ಮನೆಯ ಗೋಡೆಯ ತುಂಬ ಇದ್ದಿಲಿನಲ್ಲಿ ಬಿಡಿಸಿದಳು. 'ಹೆಸರು ಒಯ್ದಾನ, ಕೈ ಒಯ್ದಿಲ್ಲ' ಎಂದುಕೊಂಡಾಗ ಅಳುವಿನ ನಡುವೆಯೂ ಮೈ ಜುಮ್ಮೆಂದಿತು.

ಮೂರನೆಯ ಭಾನುವಾರ ಸಮ್ಯಕನೇ ಬಾಗಿಲಿಗೆ ಬಂದ.

"ತಪ್ಪು ನಂದು. ಅಂಗಡಿ ಹೆಸರು ರೂಢಿ ಪ್ರಕಾರ ಹಾಕಿದೆ. ಆದ್ರ ಮಂದಿ ಹೊಗಳಿದಾಗ ನಿಮ್ಮ ಹೆಸರು ಹೇಳಬೇಕಿತ್ತು... ಹೊಗಳಿಕಿ ರುಚಿ ಹತ್ತಿ ಸುಮ್ಮನಾದೆ. ಈಗ ಅಳಿಸೀನಿ. ಬಂದು ನಿಮ್ಮ ಹೆಸರು ಬರೀರಿ. ಅವ್ವಾರನ್ನೂ ಕರಕೊಂಡು ಬರ್ರಿ."

ಖಾನಾವಳಿಯ ಗೋಡೆಯೆದುರು ಸುಂದರಬಾಯಿ ಬಹಳ ಹೊತ್ತು ನಿಂತಳು. ಮೆಲ್ಲಗೆ ಸೆರಗು ಸರಿಮಾಡಿಕೊಂಡಳು.

"ಇದು ನಾನೇನು? ಇಷ್ಟು ಚಂದ ಅದೀನಾ?"

"ಅದೀಯವ್ವಾ. ನಾ ದಿನಾ ನೋಡ್ತೀನಲ್ಲ."

ಮಗಳು ಕುಂಚ ಅದ್ದಿ ತನ್ನ ಹೆಸರು ಬರೆದಳು. ಒಂದೊಂದು ಅಕ್ಷರಕ್ಕೂ ಎದೆ ಹಿಗ್ಗಿತು.

ಸಮ್ಯಕ ಪಕ್ಕಕ್ಕೆ ಬಂದು ದನಿ ತಗ್ಗಿಸಿದ. "ನೀವು ಬರದಿದ್ದಾಗ ನನಗ ಒಂದು ಗೆರಿ ಸುದ್ದಾ ಬರಲಿಲ್ಲ. ನಿಮ್ಮ ಮ್ಯಾಲ ಜೀವ ಅದ, ರತ್ನಮಾಲಾ."

ಅವಳ ಕೆನ್ನೆ ಕೆಂಪೇರಿತು. "ಮದುವಿ ಆದ ಮ್ಯಾಲೂ ನನ್ನ ಚಿತ್ರಕ್ಕ ನನ್ನ ಹೆಸರೇ."

"ಹೌದ್ರಿ."

"ಹಂಗಾದ್ರ ಅವ್ವಗ ಕೇಳ್ರಿ. ನಂದು ಒಪ್ಪಿಗಿ ಅದ."

"ಈಗೇ ಕೇಳ್ಲಾ?"

"ಜರಾ ತಡೀರಿ... ಆಕಿ ಇನ್ನೂ ತನ್ನನ್ನ ತಾನೇ ನೋಡಾಕತ್ತಾಳ."